ಹತ್ತು ಕಲ್ಲಿಗೆ ಒಂಬತ್ತು

ನಮ್ಮ ಪಿಕಪ್ ಲೀಟರಿಗೆ ಎಷ್ಟು ಓಡುತ್ತದೆ ಎಂದು ಬರೆದಿಡಲು ನನಗೆ ಯಾರೂ ಹೇಳಿರಲಿಲ್ಲ. ಬಿ.ಕಾಂ. ಮುಗಿಸಿ ಖಾನಾಪುರದ ಮನೆಯಲ್ಲಿದ್ದೆ. ಅಪ್ಪನದು ಸುತ್ತಲಿನ ಇಟ್ಟಿಗೆ ಸುಡುವ ಭಟ್ಟಿಗಳಿಂದ ಇಟ್ಟಂಗಿ, ಹಂಚು ತುಂಬಿಸಿ ಬೆಳಗಾವಿಯ ಕಟ್ಟಡಗಳಿಗೆ ಮುಟ್ಟಿಸುವ ಕೆಲಸ. ಇರುವುದು ಒಂದೇ ಗಾಡಿ, ಹದಿನಾರು ವರ್ಷದ್ದು. ಕಾಗದದಲ್ಲಿ ಒಂದೂವರೆ ಟನ್ ಹೊರಬೇಕಾದದ್ದು, ರಸ್ತೆಯಲ್ಲಿ ಎರಡೂವರೆ ಹೊರುತ್ತದೆ. ಗಾಡಿ ಹೊಸದಾಗಿ ಶೋರೂಮಿನಿಂದ ಹೊರಬಂದ ದಿನದಿಂದ ಅದನ್ನು ಓಡಿಸಿದವರು ಒಬ್ಬರೇ, ಬೀಡಿ ಊರಿನವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನ್ನನ್ನು ಶಾಲೆಗೆ ಸೇರಿಸಲು ಒಯ್ದದ್ದೂ ಅದೇ ಗಾಡಿ, ಅವರ ಬಾಜೂ ಸೀಟು.

ದಿನಚರಿ ಬರೆಯುವ ಅಭ್ಯಾಸ ನನಗೆ ಮೊದಲಿನಿಂದ ಇತ್ತು. ದಸರೆ ಮುಗಿದು ಭಟ್ಟಿಗಳು ಮತ್ತೆ ಶುರುವಾದಾಗ ಗಾಡಿಗೂ ಒಂದು ಉದ್ದನೆಯ ನೋಟ್‌ಬುಕ್ ಮಾಡಿದೆ. ಮುಂದಿನ ಹಾಳೆಗಳಲ್ಲಿ ಡೀಸೆಲ್, ಹಿಂದಿನಿಂದ ತಿರುಗಿಸಿದರೆ ರಿಪೇರಿ. ಪದ್ಧತಿ ಸರಳ: ಬಂಕಿನಲ್ಲಿ ಪೈಪ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸುವುದು, ಮೀಟರ್ ನೋಡಿ ಬರೆಯುವುದು. ಮುಂದಿನ ಸಲ ಮತ್ತೆ ಕಟ್ ಆಗುವವರೆಗೆ ತುಂಬಿಸಿದಾಗ ಎಷ್ಟು ಲೀಟರ್ ಹಿಡಿಯಿತೋ ಅಷ್ಟು ಸುಟ್ಟಿದೆ ಎಂದು ಅರ್ಥ. ಓಡಿದ ಕಿಲೋಮೀಟರನ್ನು ಅದರಿಂದ ಭಾಗಿಸಬೇಕು. ಸುಮಾರು ಒಂಬತ್ತು ದಿನಕ್ಕೊಂದು ಟ್ಯಾಂಕ್ ಆಗುತ್ತಿತ್ತು.

ಮೊದಲ ಹನ್ನೊಂದು ಟ್ಯಾಂಕುಗಳ ಲೆಕ್ಕ ಈಗಲೂ ನನಗೆ ಬಾಯಿಪಾಠ. ಅತಿ ಕಡಿಮೆ 11.2, ಅತಿ ಹೆಚ್ಚು 11.7, ಸರಾಸರಿ 11.4. ಹದಿನಾರು ವರ್ಷದ, ಹೊಟ್ಟೆ ತುಂಬ ಇಟ್ಟಂಗಿ ಹೊರುವ ಗಾಡಿಗೆ ಇದು ಕೆಟ್ಟದ್ದಲ್ಲ. ಏರ್ ಫಿಲ್ಟರ್ ಜಾಡಿಸಿದ ವಾರ 11.6 ಬರುತ್ತಿತ್ತು. ಭಟ್ಟಿಯ ಕೆಂಪು ಧೂಳು ಮತ್ತೆ ತುಂಬಿಕೊಂಡರೆ 11.3. ಚಕ್ರದಲ್ಲಿ ಹವೆ ಕಡಿಮೆಯಾದರೆ ಇನ್ನೊಂದು ಕೂದಲೆಳೆ ಇಳಿಯುತ್ತಿತ್ತು. ಇಳಿಜಾರಿನಲ್ಲಿ ಕಾಕಾ ಗೇರ್ ಹೇಗೆ ಇಳಿಸುತ್ತಾರೆ, ಸೈಟಿನಲ್ಲಿ ಇಟ್ಟಂಗಿ ಇಳಿಸುವಾಗ ಎಂಜಿನ್ ಆಫ್ ಮಾಡುತ್ತಾರೋ ಇಲ್ಲವೋ, ಎಲ್ಲವೂ ಆ ದಶಾಂಶದಲ್ಲಿ ಕಾಣುತ್ತದೆ ಎಂದು ನನಗೆ ಹೆಮ್ಮೆ.

"ಎಷ್ಟ ಬಂತ ಅವ್ವಿ ಈ ಸಲ?" ಎಂದು ಬಂಕಿನಲ್ಲಿ ಕಾಕಾ ಕೇಳುತ್ತಿದ್ದರು. ಅವರಿಗೆ ನಾನು ಚಿಕ್ಕಂದಿನಿಂದಲೂ ಅವ್ವಿ, ಅಂದರೆ ಮಗಳು.

"ಹನ್ನೊಂದ ಪಾಯಿಂಟ್ ಐದು."

"ನೋಡ್ದಿ? ಮುದಕಿ ಆದ್ರೂ ಊಟ ಅಳತಿ ಮ್ಯಾಲ ಐತಿ. ನಮ್ಮನಿಯಾಕಿಗೆ ಹೇಳಬೇಕ ಇದನ್ನ."

ಜನವರಿಯಲ್ಲಿ ರಾಮತೀರ್ಥ ನಗರದಲ್ಲಿ ಒಟ್ಟಿಗೆ ಮೂರು ಮನೆಗಳ ಕೆಲಸ ಸಿಕ್ಕಿತು. ಅಪ್ಪನಿಗೆ ಒಂದೊಂದು ಟ್ರಿಪ್ಪಿಗೆ ಇನ್ನಷ್ಟು ಇಟ್ಟಂಗಿ ಹೇರಬೇಕಾಗಿತ್ತು, ಹಿಂದಿನ ಟೈರುಗಳು ಅದನ್ನು ತಡೆಯುವ ಸ್ಥಿತಿಯಲ್ಲಿರಲಿಲ್ಲ. ಜನವರಿ 21ಕ್ಕೆ ನಾನೇ ಟೈರಿನ ಅಂಗಡಿಗೆ ಹೋಗಿ, ಬೇರೊಂದು ಗಾಡಿಯಿಂದ ಬಿಚ್ಚಿದ, ಒಂದು ಅಳತೆ ದೊಡ್ಡದಾದ, ಗಟ್ಟಿ ಪದರದ ಎರಡು ಟೈರುಗಳನ್ನು ರಿಮ್ ಸಮೇತ ಹಿಂದೆ ಹಾಕಿಸಿಕೊಂಡು ಬಂದೆ. ನೋಟ್‌ಬುಕ್ ತಿರುಗಿಸಿ ರಿಪೇರಿ ಹಾಳೆಯಲ್ಲಿ ಬರೆದೆ: "ಹಿಂದಿನ ಎರಡು ಟೈರು, ದೊಡ್ಡವು." ಗಾಡಿ ಹಿಂದಿನಿಂದ ಸ್ವಲ್ಪ ಎದ್ದು ನಿಂತಂತೆ ಕಾಣುತ್ತಿತ್ತು. ಭಾರ ಬಿದ್ದ ಮೇಲೆ ಸರಿಹೋಯಿತು.

ಆ ಟ್ಯಾಂಕು, ಹನ್ನೆರಡನೆಯದು, 10.8ಕ್ಕೆ ಮುಗಿಯಿತು. ಹದಿಮೂರು, 10.3. ಹದಿನಾಲ್ಕು, 10.2. ಅಲ್ಲಿಂದ ಮೇಲಕ್ಕೆ ಏಳಲೇ ಇಲ್ಲ.

ನಾನು ಪದ್ಧತಿ ಪ್ರಕಾರ ಹುಡುಕಿದೆ. ಫಿಲ್ಟರ್ ಹೊಸದು ಹಾಕಿಸಿದೆ. ಹೊಗೆ ಕಪ್ಪಗಿದೆಯೇ ಎಂದು ಬೆಳಿಗ್ಗೆ ಹಿಂದೆ ನಿಂತು ನೋಡಿದೆ, ಇರಲಿಲ್ಲ. ಮೆಕ್ಯಾನಿಕ್ ನೋಝಲ್ ಬಿಚ್ಚಿ ತೋರಿಸಿ, "ಇದರಾಗ ಏನಿಲ್ರಿ, ಗಾಡಿ ಝಕಾಸ್ ಐತಿ" ಎಂದ. ಟ್ಯಾಂಕಿನ ಕೆಳಗೆ ರಾತ್ರಿಯಿಡೀ ರಟ್ಟು ಹಾಸಿಟ್ಟೆ. ಬೆಳಿಗ್ಗೆ ಒಂದು ಹನಿಯೂ ಬಿದ್ದಿರಲಿಲ್ಲ. ಕ್ಲಚ್ ಜಾರುತ್ತಿಲ್ಲ, ಬ್ರೇಕ್ ಹಿಡಿದುಕೊಂಡಿಲ್ಲ. ಒಂದೊಂದನ್ನೂ ಬರೆದು ಅಡ್ಡಗೆರೆ ಎಳೆದೆ. ಕೊನೆಗೆ ಅಡ್ಡಗೆರೆ ಎಳೆಯದೆ ಉಳಿದದ್ದು ಡ್ರೈವರ್ ಒಬ್ಬರೇ.

ಲೆಕ್ಕ ಹೀಗಿತ್ತು: ಒಂದು ಟ್ಯಾಂಕಿಗೆ ಮೀಟರ್ 430 ಕಿಲೋಮೀಟರ್ ತೋರಿಸುತ್ತಿತ್ತು. ಹಳೆಯ ಸರಾಸರಿಯಲ್ಲಿ ಅದಕ್ಕೆ 37.7 ಲೀಟರ್ ಸಾಕು. ಗಾಡಿಗೆ ಹಾಕಿಸುತ್ತಿದ್ದದ್ದು 42. ಪ್ರತಿ ಟ್ಯಾಂಕಿನಲ್ಲಿ ನಾಲ್ಕು ಲೀಟರಿಗಿಂತ ಸ್ವಲ್ಪ ಹೆಚ್ಚು ಎಲ್ಲೋ ಹೋಗುತ್ತಿತ್ತು. ಕಾಕಾನ ಸೀಟಿನ ಹಿಂದೆ ರೇಡಿಯೇಟರ್ ನೀರಿಗೆಂದು ಐದು ಲೀಟರಿನ ಒಂದು ಬಿಳಿ ಕ್ಯಾನ್ ಇರುತ್ತಿತ್ತು.

ಅದೇ ಚಳಿಗಾಲದಲ್ಲಿ ಕಾಕಾ ಬೀಡಿ ಊರಿನ ತಮ್ಮ ಸಣ್ಣ ಹೊಲಕ್ಕೆ ನೀರೆತ್ತಲು ಹಳೆಯ ಡೀಸೆಲ್ ಎಂಜಿನ್ ತಂದಿದ್ದರು. ನಮಗೆ ಪೇಢೆ ಕೊಟ್ಟು ಹೇಳಿದ್ದರು, ಮುಚ್ಚಿಟ್ಟಿರಲಿಲ್ಲ. ಫೆಬ್ರವರಿ 18ರ ಸಂಜೆ ಅವರು ಬೈಕಿಗೆ ಅಂಥದೇ ಒಂದು ಕ್ಯಾನ್ ಕಟ್ಟಿಕೊಂಡು ಊರಿಗೆ ಹೊರಟಿದ್ದನ್ನು ನಾನು ನೋಡಿದೆ. "ಏನ ಕಾಕಾ ಅದು?" ಎಂದೆ. "ಎಂಜಿನ್ನಿಗೆ ಡೀಸಲ್ ಅವ್ವಿ, ಬಂಕಿನ್ಯಾಗ ತಗೊಂಡೆ. ಬದನಿ ಒಣಗಾಕತ್ತಾವು" ಎಂದರು. ಅದನ್ನೂ ಬರೆದುಕೊಂಡೆ. ಬಂಕಿನಲ್ಲಿ ತಗೊಂಡೆ ಎಂದದ್ದನ್ನು ಬರೆಯಲಿಲ್ಲ. ಐದು ಲೀಟರ್ ಕ್ಯಾನ್ ಎಂದಷ್ಟೇ ಬರೆದೆ.

ಫೆಬ್ರವರಿ 27ಕ್ಕೆ ಅವರೇ ಒಂದು ಮಾತು ಹೇಳಿದರು. ರಾಮತೀರ್ಥ ನಗರದಲ್ಲಿ ಇಟ್ಟಂಗಿ ಇಳಿಸಿ, ಕಟ್ಟುತ್ತಿದ್ದ ಮನೆಯ ನೆರಳಲ್ಲಿ ಬುತ್ತಿ ಬಿಚ್ಚಿದ್ದೆವು.

"ಅವ್ವಿ, ಮೀಟರ್ ತೂಕಡಸಾಕತ್ತೈತಿ ನೋಡು. ಭಟ್ಟಿಯಿಂದ ಇಲ್ಲೀತನಕ ಮದಲ ಮೂವತ್ತೊಂದ ಆಗತಿತ್ತು. ಈಗ ಇಪ್ಪತ್ತೆಂಟಕ್ಕ ಬಂದ ಮುಟ್ಟತೀವಿ."

"ರಸ್ತಾ ಗಿಡ್ಡ ಆತೇನ ಕಾಕಾ?" ಎಂದು ನಕ್ಕೆ.

"ನಗಬ್ಯಾಡ. ಖರೇನ."

"ಹೈವೇ ಅಗಲ ಮಾಡ್ಯಾರಲ್ಲ, ತಿರುವೆಲ್ಲಾ ನೆಟ್ಟಗ ಆಗ್ಯಾವು. ಅದಕ್ಕ ಕಮ್ಮಿ."

ಅವರು ರೊಟ್ಟಿ ಮುರಿಯುತ್ತ, "ಇರಬೇಕ ಬಿಡು, ಓದಿದಾಕಿ ನೀ" ಎಂದರು. ಅಂದಿನ ದಿನಚರಿಯಲ್ಲಿ ನಾನು ಬರೆದದ್ದು: "ಕಾಕಾ ಈಗಲೇ ನೆವ ಹುಡುಕುತ್ತಿದ್ದಾರೆ." ಬರೆದ ಮೇಲೆ ಬೇಜಾರಾಯಿತು, ಆದರೆ ಹೊಡೆದು ಹಾಕಲಿಲ್ಲ.

ಹತ್ತೊಂಬತ್ತನೆಯ ಟ್ಯಾಂಕು ಮುಗಿದಾಗ, ಹದಿಮೂರನೆಯದರಿಂದ ಲೆಕ್ಕ ಹಿಡಿದರೆ, ಒಟ್ಟು ಕಡಿಮೆ ಬಿದ್ದದ್ದು ಮೂವತ್ತು ಲೀಟರ್. ನೋಟ್‌ಬುಕ್ ಅಪ್ಪನ ಮುಂದಿಟ್ಟೆ. ಅಪ್ಪ ಕನ್ನಡಕ ಹಾಕಿಕೊಂಡು ಏಳು ಸಾಲುಗಳನ್ನೂ ಬೆರಳಿಟ್ಟು ಓದಿದರು. "ಹದಿನಾರ ವರ್ಷ ಆತಲ್ಲೇ ಅವ್ನ ಜೋಡಿ" ಎಂದರು. ಆಮೇಲೆ, "ನಿನ್ನ ಲೆಕ್ಕಾ ತಪ್ಪಿಲ್ಲಲ?" ಎಂದು ಕೇಳಿದರು. ನಾನು ತಪ್ಪಿಲ್ಲ ಎಂದೆ. ಎರಡು ಸಲ ಕೇಳಿದರು, ಎರಡು ಸಲವೂ ಹಾಗೇ ಎಂದೆ.

ಯುಗಾದಿಯ ಹಿಂದಿನ ದಿನದ ಅಮಾವಾಸ್ಯೆ. ಅಮಾಸಿಗೆ ನಮ್ಮಲ್ಲಿ ಗಾಡಿ ತೊಳೆದು, ಬಂಪರಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಪೂಜೆ ಮಾಡುತ್ತೇವೆ. ಕಾಕಾ ಬೆಳಿಗ್ಗೆ ಏಳಕ್ಕೇ ಬೀಡಿಯಿಂದ ಬಂದು ಗಾಡಿ ತೊಳೆದಿದ್ದರು, ಹಣೆಗೆ ಮೂರು ಬೆರಳಿನ ವಿಭೂತಿ ಇತ್ತು. ತೆಂಗಿನಕಾಯಿ ಒಡೆದ ಮೇಲೆ ಅಪ್ಪ ಒಳಗೆ ಹೋಗಿ ದೇವರ ಜಗಲಿಯಿಂದ ಭಂಡಾರದ ಚೀಲ ತಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಕುರಿ ಕಾಯುತ್ತಿದ್ದ ಮನೆತನ. ಭಂಡಾರವೆಂದರೆ ನಮ್ಮ ದೇವರ ಅರಿಷಿಣದ ಪುಡಿ. ನಮ್ಮವರಲ್ಲಿ ಯಾರ ಮೇಲಾದರೂ ಮಾತು ಬಂದರೆ ಅವರು ಒಂದು ಮುಷ್ಟಿ ಭಂಡಾರ ಹಿಡಿದು "ನಾ ಮಾಡಿಲ್ಲ" ಎಂದರೆ ಅಲ್ಲಿಗೆ ಮುಗಿಯಿತು. ಆಮೇಲೆ ಎಂಥ ಸಾಕ್ಷಿ ತಂದರೂ ಯಾರೂ ಬಾಯಿ ತೆರೆಯುವ ಹಾಗಿಲ್ಲ. ದನದ ಜಗಳ, ಬದುವಿನ ಜಗಳ, ಹೆಂಡತಿ ಮೇಲಿನ ಸಂಶಯ ಕೂಡ ಹಾಗೆ ಮುಗಿದದ್ದನ್ನು ಕಂಡಿದ್ದೇನೆ. ಅಪ್ಪ ಆ ಚೀಲ ತಂದದ್ದು ಕಾಕಾನನ್ನು ಉಳಿಸಿಕೊಳ್ಳಲು. ನನ್ನ ಮೂವತ್ತು ಲೀಟರನ್ನು ಒಂದು ಮುಷ್ಟಿ ಅರಿಷಿಣದಿಂದ ಅಳಿಸಿಬಿಡಲು ಅವರು ತಯಾರಿದ್ದರು.

"ಡೀಸಲ್ ಕಮ್ಮಿ ಬರಾಕತ್ತೈತಿ, ನಿನಗೂ ಗೊತ್ತೈತಿ" ಎಂದರು ಅಪ್ಪ. "ನಾ ಹೆಚ್ಚ ಕೇಳೂದಿಲ್ಲ. ಭಂಡಾರ ಹಿಡದು ಇಲ್ಲ ಅಂದುಬಿಡು. ನಾಳಿ ಹಬ್ಬ ಮಾಡೂಣು."

ಕಾಕಾ ಒರೆಸುತ್ತಿದ್ದ ಬಟ್ಟೆಯನ್ನು ಬಾನೆಟ್ ಮೇಲಿಟ್ಟರು. ಮೊದಲು ನನ್ನ ಕಡೆ ನೋಡಿದರು, ಆಮೇಲೆ ಅಪ್ಪನ ಕಡೆ.

"ನಾ ತಗೊಂಡಿಲ್ರಿ ಸಾವ್ಕಾರ್ರ."

"ಅದನ್ನ ಈ ಭಂಡಾರ ಹಿಡದು ಅನ್ನು."

"ಅಂದ್ನೆಲ್ರಿ. ನಮ್ಮಲ್ಲಿ ಆಣಿ ಇಲ್ರಿ. ನಮ್ಮಪ್ಪನೂ ಮಾಡಿಲ್ಲ, ನಾನೂ ಮಾಡಿಲ್ಲ. ಇಲ್ಲ ಅಂದ್ರ ಇಲ್ಲ."

"ನಮ್ಮ ದೇವ್ರ ಬ್ಯಾಡಾದ್ರ ನಿನ್ನ ಕೊಳ್ಳಾಗಿನ ಲಿಂಗಾ ಮುಟ್ಟಿ ಹೇಳು."

"ಡೀಸಲ್ ಸಲವಾಗಿ ಲಿಂಗಾ ಮುಟ್ಟಬೇಕ್ರೀ?" ಎಂದರು ಕಾಕಾ. ದನಿ ಏರಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಅಪ್ಪನ ಕೈ ಚಾಚಿದ್ದು ಚಾಚಿದ ಹಾಗೇ ಇತ್ತು. ನಮ್ಮ ಮನೆಯಲ್ಲಿ ಭಂಡಾರ ಮುಟ್ಟಲು ಹಿಂಜರಿಯುವವನು ತಪ್ಪು ಮಾಡಿದವನು ಮಾತ್ರ. ಅಪ್ಪನಿಗೆ ಬೇರೆ ಅರ್ಥ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕಾಕಾನ ಮನೆಯಲ್ಲಿ ಆಣೆ ಮಾಡುವವನೇ ಸುಳ್ಳ ಎಂದು ಎಣಿಸುತ್ತಾರೆ ಎಂಬುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಹದಿನಾರು ವರ್ಷ ಒಂದೇ ಗಾಡಿಯ ಸುತ್ತ ಬದುಕಿದವರು ಇದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಪ್ರಸಂಗ ಬಂದಿರಲಿಲ್ಲ.

"ಚಾವಿ ಇಟ್ಟ ಹೋಗು" ಎಂದರು ಅಪ್ಪ.

ಕಾಕಾ ಸೀಟಿನ ಹಿಂದಿನಿಂದ ತಮ್ಮ ಟವೆಲ್ಲು, ಬುತ್ತಿ ಡಬ್ಬಿ ತೆಗೆದುಕೊಂಡರು. ಬಿಳಿ ಕ್ಯಾನನ್ನು ನನ್ನ ಮುಂದೆ ಬಗ್ಗಿಸಿದರು. ನೀರು ಹರಿದು ಅಂಗಳದ ರಂಗೋಲಿಗೆ ಹೋಯಿತು. ಖಾಲಿ ಕ್ಯಾನ್ ಅಲ್ಲೇ ಬಿಟ್ಟು ಬೈಕ್ ಹತ್ತಿದರು.

ಡೀಸೆಲ್ ಕಳವಿನ ಮಾತನ್ನು ಅಪ್ಪ ಪಿಕಪ್ ಸ್ಟ್ಯಾಂಡಿನಲ್ಲಿ ಹೇಳಿಬಿಟ್ಟರು. ಕಾಕಾನ ಹೆಸರು ಕೆಡಿಸಬೇಕೆಂದು ಅಲ್ಲ. ಹೊಸ ಡ್ರೈವರ್ ಯಾಕೆ ಎಂದು ಕೇಳಿದವರಿಗೆ ಏನಾದರೂ ಹೇಳಬೇಕಿತ್ತು. ಖಾನಾಪುರದಲ್ಲಿ ಗಾಡಿ ಇಟ್ಟವರಿಗೆ ಡ್ರೈವರ್ ಕುಡಿದರೆ ನಡೆಯುತ್ತದೆ, ಜಗಳಗಂಟನಾದರೂ ನಡೆಯುತ್ತದೆ, ಡೀಸೆಲ್ ತೆಗೆಯುವವನು ಮಾತ್ರ ಬೇಡ. ಕಾಕಾ ಏಪ್ರಿಲ್ ಮೊದಲ ವಾರ ಸ್ಟ್ಯಾಂಡಿಗೆ ಮೂರು ದಿನ ಬಂದು ನಿಂತಿದ್ದರಂತೆ. ಮಾಲಕರು ಚಹಾ ಕೊಟ್ಟರಂತೆ, ಸ್ಟಿಯರಿಂಗ್ ಯಾರೂ ಕೊಡಲಿಲ್ಲವಂತೆ. ಅವರಿಗೆ ಐವತ್ತಾರು. ಬೇರೆ ಕೆಲಸ ಗೊತ್ತಿಲ್ಲ.

ಹೊಸ ಡ್ರೈವರ್ ಇಪ್ಪತ್ತೆಂಟರವನು, ನೀಟಾಗಿ ಓಡಿಸುತ್ತಿದ್ದ. ಇಪ್ಪತ್ತನೆಯ ಟ್ಯಾಂಕು 10.2. ಇಪ್ಪತ್ತೊಂದು, 10.1.

"ಇಂವಾನೂ ಶುರು ಮಾಡಿದ ನೋಡು" ಎಂದರು ಅಪ್ಪ. "ಎಲ್ಲಾರೂ ಒಂದ ಸಾಲ್ಯಾಗ ಕಲತವರು."

ನಾನು ಪದ್ಧತಿ ಬಿಡಲಿಲ್ಲ. ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿ ಚಾವಿ ನನ್ನ ಕೊರಳಿಗೆ ಕಟ್ಟಿಕೊಂಡೆ. ಏಪ್ರಿಲ್ 17ರಿಂದ 25ರವರೆಗೆ, ಒಂದು ತುಂಬಿಸಿದಲ್ಲಿಂದ ಇನ್ನೊಂದು ತುಂಬಿಸುವವರೆಗೆ, ಗಾಡಿ ಎಲ್ಲಿ ಹೋದರೂ ಜೊತೆಗೆ ಹೋದೆ. ಬಿಸಿಲಿಗೆ ಕ್ಯಾಬಿನ್ ರೊಟ್ಟಿ ಹಂಚಿನ ಹಾಗೆ ಕಾಯುತ್ತಿತ್ತು. ಸೈಟಿನಲ್ಲಿ ಇಳಿಯದೆ ಕುಳಿತಿದ್ದೆ. ರಾತ್ರಿ ಗಾಡಿ ನಮ್ಮ ಕಿಟಕಿಯ ಕೆಳಗೆ. ಒಂದು ಹನಿ ಹೊರಗೆ ಹೋಗಲು ದಾರಿ ಇರಲಿಲ್ಲ.

10.2.

ಬಂಕಿನಲ್ಲಿ ನಿಂತು ಮೂರು ಸಲ ಭಾಗಿಸಿದೆ. ಪೈಪ್ ಹಿಡಿದಿದ್ದವ "ಏನವಾ, ಸರಿ ಹಾಕಿಲ್ಲೇನ ನಾ?" ಎಂದು ಹುಬ್ಬು ಏರಿಸಿದ. ಮೂರು ತಿಂಗಳು ನಾನು ಪ್ರಶ್ನೆ ಕೇಳಿದ್ದೆಲ್ಲ ಡೀಸೆಲ್ಲಿಗೆ. ಕಿಲೋಮೀಟರಿಗೆ ಒಂದೂ ಕೇಳಿರಲಿಲ್ಲ.

ಮರುದಿನ ಹೈವೇಯಲ್ಲಿ ಬೆಳಗಾವಿ 20 ಎಂದು ಬರೆದ ಕಲ್ಲಿನ ಬಳಿ ಗಾಡಿ ನಿಲ್ಲಿಸಲು ಹೇಳಿದೆ. ಮೀಟರ್ ಬರೆದುಕೊಂಡೆ. ಅಲ್ಲಿಂದ ಒಂದೊಂದೇ ಕಲ್ಲು ಎಣಿಸಿದೆ: ಹತ್ತೊಂಬತ್ತು, ಹದಿನೆಂಟು. ಮೂರನೆಯ ಕಲ್ಲಿಗೇ ಗೊತ್ತಾಯಿತು, ಆದರೂ ಪೂರ್ತಿ ಹೋಗೋಣ ಎಂದೆ. ಬೆಳಗಾವಿ 10ರ ಕಲ್ಲಿನ ಬಳಿ ಮತ್ತೆ ನಿಂತೆವು. ಹತ್ತು ಕಲ್ಲು ದಾಟಿದ್ದೆವು. ಮೀಟರ್ ಓಡಿದ್ದು ಒಂಬತ್ತು. ವಾಪಸ್ ಬರುವಾಗ ಎದುರು ಬದಿಯಿಂದ ಅಳೆದೆ. ಮತ್ತೆ ಒಂಬತ್ತು.

"ಮೀಟರ್ ಕೆಟ್ಟೈತೇನ್ರಿ ಅಕ್ಕಾರ?" ಎಂದ ಹೊಸ ಡ್ರೈವರ್.

ಮೀಟರ್ ಕೆಟ್ಟಿರಲಿಲ್ಲ. ಮನೆಗೆ ಬಂದು ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುವಿದೆ. ಅವ್ವನ ಹೊಲಿಗೆಯ ಟೇಪು ತೆಗೆದುಕೊಂಡು ಹಿತ್ತಲಿಗೆ ಹೋದೆ. ಹಳೆಯ ಟೈರು ಅಲ್ಲಿ ತುಳಸಿಕಟ್ಟೆಗೆ ಆನಿಸಿ ಬಿದ್ದಿತ್ತು. ಅದರ ಸುತ್ತಳತೆ 220 ಸೆಂಟಿಮೀಟರ್. ಗಾಡಿಯಲ್ಲಿದ್ದದ್ದರ ಸುತ್ತಳತೆ 245. ಮೀಟರ್ ಎಣಿಸುವುದು ಹಿಂದಿನ ಚಕ್ರದ ಸುತ್ತುಗಳನ್ನು ಮಾತ್ರ. ಒಂದು ಸುತ್ತಿಗೆ ನೆಲ ಎಷ್ಟು ಸರಿಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ದೊಡ್ಡ ಟೈರು ಹಾಕಿಸಿದ ದಿನದಿಂದ ಗಾಡಿ 480 ಕಿಲೋಮೀಟರ್ ಓಡಿ 430 ಎಂದು ಹೇಳುತ್ತಿತ್ತು. ತಿದ್ದಿ ಭಾಗಿಸಿದೆ. ಲೀಟರಿಗೆ 11.36. ಗಾಡಿ ಒಂದು ಲೋಟ ಡೀಸೆಲ್ಲನ್ನೂ ಹೆಚ್ಚಿಗೆ ಕುಡಿದಿರಲಿಲ್ಲ. ಯಾರೂ ಕದ್ದಿರಲಿಲ್ಲ. ಹನ್ನೆರಡನೆಯ ಟ್ಯಾಂಕಿನ ನಡುವೆ ಟೈರು ಬದಲಾದ್ದರಿಂದ ಅದರಲ್ಲಿ ಇಳಿತ ಅರ್ಧ ಮಾತ್ರ ಕಂಡು 10.8 ಆಗಿತ್ತು. ಅದರಿಂದಲೇ ನನಗೆ ಕಳವು ನಿಧಾನವಾಗಿ ರೂಢಿಯಾದಂತೆ ಕಂಡಿತ್ತು.

ಟೇಪು ಹಿಡಿದು ಅಪ್ಪನ ಮುಂದೆ ನಿಂತೆ. ಅಪ್ಪ ಪೂರ್ತಿ ಕೇಳಿದರು.

"ಟೈರ್ ಹಾಕಿಸಿದಾಕಿ ಯಾರು?"

"ನಾನ."

"ಲೆಕ್ಕಾ ತಪ್ಪಿಲ್ಲ ಅಂದಾಕಿ?"

"ನಾನ."

ಅವರು ಎದ್ದು ಹೋಗಿ ಗಾಡಿಯ ಹಿಂದಿನ ಟೈರಿನ ಮೇಲೆ ಕೈ ಇಟ್ಟರು. "ಕರಕೊಂಡ ಬಾ ಹಂಗಾರ ಅವ್ನ" ಎಂದರು.

"ನೀವ ಸ್ಟ್ಯಾಂಡಿಗೆ ಹೋಗಿ ಹೇಳ್ರಿ ಅಪ್ಪಾ. ಅಲ್ಲಿ ಮದಲ ಹೇಳಿದವ್ರು ನೀವ."

"ಎಲ್ಲಾರ ಮುಂದ ನಿಂತು ಏನಂತ ಹೇಳ್ಲಿ? ನನ್ನ ಮಗಳಿಗೆ ಟೈರ್ ಅಳಿಯಾಕ ಬರೂದಿಲ್ಲ ಅಂತೇನ? ಕೆಲಸಾ ಕೊಡತೀನಿ ಅಂದ್ನೆಲ್ಲ, ಸಾಕು."

ಅಪ್ಪ ಹೋಗದಿದ್ದರೆ ನಾನು ಹೋಗುತ್ತೇನೆ ಎಂದುಕೊಂಡೆ. ಸ್ಟ್ಯಾಂಡಿನಲ್ಲಿ ಗಾಡಿ ಇಡುವ ಮಾಲಕರು ಹನ್ನೊಂದು ಜನ. ಪಟ್ಟಿ ಮಾಡಿದೆ. ಮೇ ಮೊದಲ ವಾರದಲ್ಲಿ ಮೂರು ದಿನ ಹೋಗಿ ಐದು ಜನರಿಗೆ ಹೇಳಿದೆ. ಪ್ರತಿಯೊಬ್ಬರಿಗೂ ಟೇಪಿನ ಅಳತೆಯಿಂದ ಶುರು ಮಾಡಿ, ಕಲ್ಲಿನ ಲೆಕ್ಕದವರೆಗೆ.

ಮೊದಲನೆಯವರು ಚಹಾದ ಗ್ಲಾಸು ಕೆಳಗಿಟ್ಟು, "ಅಂದ್ರ ಡೀಸಲ್ ಕುಡದದ್ದು ಟೈರ್ ಅಂತೀ? ಭಾರೀ ಆತವಾ ಇದು. ನಮ್ಮ ಡ್ರಾಯವರಗ ಹೇಳಬ್ಯಾಡ ಮತ್ತ, ನಾಳಿಂದ ಅವನೂ ಟೈರಿನ ಮ್ಯಾಲ ಹಾಕತಾನು" ಎಂದು ನಕ್ಕರು. ಸುತ್ತ ನಿಂತವರೂ ನಕ್ಕರು. ಎರಡನೆಯವರು ಮರಾಠಿಯವರು, "ಝಾಲಂ ಗೆಲಂ, ಸೋಡ್ ಆತಾ" ಎಂದರು, ಆದದ್ದು ಹೋಯಿತು, ಬಿಡು ಎಂದು. ಮೂರನೆಯವರು ಕಣ್ಣರಳಿಸಿ ಕೇಳಿದರು: "ಹೌದಾ? ಆಂವಾ ಡೀಸಲ್ ತಗೀತಿದ್ದ ಅಂತ ಸುದ್ದಿ ಇತ್ತಾ? ನನಗ ಗೊತ್ತ ಇರ್ಲಿಲ್ಲ ಬಿಡು." ಅವರಿಗೂ ಟೇಪಿನ ಲೆಕ್ಕವನ್ನು ಪೂರ್ತಿ ಹೇಳಿದೆ. ತಲೆ ಆಡಿಸಿದರು. ನಾಲ್ಕನೆಯವರು ನಂಬಿದೆ ಎಂದರು. ಐದನೆಯವರು ಫೋನಿನಲ್ಲಿದ್ದರು, ನನ್ನ ಮಾತು ಮುಗಿದರೂ ಫೋನ್ ಮುಗಿದಿರಲಿಲ್ಲ. ನನ್ನ ಹಾಳೆಯಲ್ಲಿ ಹೀಗೆ ಬರೆದೆ: ಕೇಳಿದವರು ಐದು, ನಂಬಿದವರು ಒಂದು, ಮೊದಲು ಗೊತ್ತೇ ಇಲ್ಲದಿದ್ದವರು ಒಂದು. ಉಳಿದವರು ಆರು.

ಕಾಕಾ ಎಲ್ಲಿದ್ದಾರೆ ಎಂದು ಆ ನಾಲ್ಕನೆಯವರೇ ಹೇಳಿದ್ದರು. ಗುಂಜಿ ರಸ್ತೆಯ ಭಟ್ಟಿಯೊಂದರಲ್ಲಿ ಇಟ್ಟಂಗಿ ಹೇರುತ್ತಿದ್ದರು. ಮೇ 9ರಂದು ನಮ್ಮ ಗಾಡಿಗೆ ಅಲ್ಲಿಂದಲೇ ಮಾಲು ಇತ್ತು. ನಾನೂ ಹತ್ತಿದೆ.

ನಾವು ತಲುಪಿದಾಗ ಅವರು ತಲೆಗೆ ಟವೆಲ್ ಸುತ್ತಿಕೊಂಡು ಬೇರೊಂದು ಪಿಕಪ್ಪಿಗೆ ಇಟ್ಟಂಗಿ ಕೊಡುತ್ತಿದ್ದರು. ಎರಡೆರಡಾಗಿ ತೆಗೆದು ಮೇಲಿದ್ದವನ ಕೈಗೆ. ಹುಬ್ಬು, ಕಿವಿ, ವಿಭೂತಿ ಎಲ್ಲ ಕೆಂಪಾಗಿತ್ತು. ನಮ್ಮ ಗಾಡಿಯ ಸದ್ದಿಗೆ ತಿರುಗಿ ನೋಡಲಿಲ್ಲ. ಆ ಸದ್ದು ಅವರಿಗೆ ಗೊತ್ತಿಲ್ಲದೆ ಇರಲಿಕ್ಕಿಲ್ಲ. ಆ ಪಿಕಪ್ ತುಂಬಿ ಹೊರಟ ಮೇಲೆ ನನ್ನ ಹತ್ತಿರ ಬಂದರು.

"ಇಂಥಾ ಬಿಸಲಾಗ ಯಾಕ ಬಂದಿ ಅವ್ವಿ?"

ನಾನು ಹೇಳಿದೆ. ಕಲ್ಲು, ಮೀಟರ್, ಟೇಪು, ಎಲ್ಲ. ಅಳಬಾರದು ಎಂದುಕೊಂಡಿದ್ದೆ, ಅಳಲಿಲ್ಲ. ಅವರು ಬೆರಳಿನ ಸಂದಿಯ ಧೂಳು ಉಜ್ಜುತ್ತ ಕೇಳಿದರು.

"ಎಷ್ಟ ಫರಕ ಐತಿ ಅಂದಿ ಟೈರಿಗೆ?"

"ಸುತ್ತಳತಿ ಇಪ್ಪತ್ತೈದ ಸೆಂಟಿಮೀಟರ್."

"ಹೂಂ. ಒಂದ ಗೇಣಿಗಿಂತ ಜಾಸ್ತಿ ಆತದು" ಎಂದರು. ಸ್ವಲ್ಪ ತಡೆದು, "ನಾನೂ ನೋಡಿದ್ದೆ, ಹಿಂದಿಂದ ಎತ್ತರ ಆಗೈತಿ ಅಂತ. ಮೀಟರಿಗೂ ಅದಕ್ಕೂ ಗಂಟ ಹಾಕಾಕ ನನಗೂ ಹೊಳೀಲಿಲ್ಲ ನೋಡು. ಇಷ್ಟ ವರ್ಷ ಓಡಸೇನಿ" ಎಂದರು. ನನ್ನ ತಪ್ಪಿನಲ್ಲಿ ಅವರು ಪಾಲು ತೆಗೆದುಕೊಳ್ಳುತ್ತಿದ್ದರು. ಅದನ್ನು ಕೇಳಿಸಿಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಯಿತು.

"ಅಪ್ಪಾ ಬಾ ಅಂದಾರ ಕಾಕಾ. ನಾಳಿಯಿಂದನ ಗಾಡಿ ತಗೋರಿ."

"ನಿಮ್ಮಪ್ಪ ಸ್ಟ್ಯಾಂಡಿನ್ಯಾಗ ಹೇಳಿದ್ನೇನು?"

"ಇಲ್ಲ. ನಾ ಹೇಳಾಕತ್ತೀನಿ."

"ಹಂಗಾರ ಬ್ಯಾಡ. ನಿಮ್ಮ ಗಾಡಿ ಮತ್ತ ಹತ್ತಿದ್ರ ಮಂದಿ ಏನಂತಾರು? ಸಾವ್ಕಾರ ದೊಡ್ಡ ಮನಸ ಮಾಡಿದ, ಕಳ್ಳನ್ನ ಮಾಫ್ ಮಾಡಿದ ಅಂತಾರು. ಅದ ಬ್ಯಾಡ ನನಗ."

ನಾನು ಪಟ್ಟಿ ತೆಗೆದು ತೋರಿಸಿದೆ. ಐದು ಜನರಿಗೆ ಹೇಳಿಯಾಗಿದೆ, ಇನ್ನು ಆರು ಜನ, ಈ ವಾರದಲ್ಲಿ ಮುಗಿಸುತ್ತೇನೆ ಎಂದೆ. ಅವರು ಕಾಗದ ಮುಟ್ಟಲಿಲ್ಲ, ಕೈ ಕೆಂಪಾಗಿತ್ತಲ್ಲ. ಬಗ್ಗಿ ಓದಿದರು. ಮೂರನೆಯ ಸಾಲಿನ ಹತ್ತಿರ, ಮೊದಲು ಗೊತ್ತೇ ಇಲ್ಲದಿದ್ದವರ ಹೆಸರಿನ ಹತ್ತಿರ, ನಿಂತರು.

"ಇವ್ರಿಗೆ ನೀ ಯಾವಾಗ ಹೇಳಿದಿ?"

"ಸೋಮವಾರ."

ಅವರು ನೆಟ್ಟಗಾಗಿ ಭಟ್ಟಿಯ ಆಫೀಸಿನ ತಗಡಿನ ಶೆಡ್ಡಿನ ಕಡೆ ನೋಡಿದರು. ಅದರ ಬಾಜೂ ಭಟ್ಟಿಯದೇ ಒಂದು ಪಿಕಪ್ ನಿಂತಿತ್ತು, ನಮ್ಮದಕ್ಕಿಂತಲೂ ಹಳೆಯದು.

"ಆ ಗಾಡಿ ಇದೇ ವಾರದಿಂದ ನನಗ ಕೊಡಾವ್ರಿದ್ರು. ಮಾಲಕರು ಬಾಯಿಲೇ ಹೇಳಿದ್ರು. ಇಲ್ಲಿ ಯಾರಿಗೂ ಏನೂ ಗೊತ್ತ ಇರ್ಲಿಲ್ಲ. ಮಂಗಳವಾರ ಲೆಕ್ಕಾ ಬರಿಯೂ ಮುನೀಮ ಕರದು, ಸದ್ಯಕ್ಕ ಹೇರೂ ಕೆಲಸಾನ ಇರ್ಲಿ ಅಂದ. ಜನರೇಟರ್ ಕಡೆ ಹೋಗಬ್ಯಾಡ ಅಂದ. ಅಲ್ಲಿ ಡೀಸಲ್ ಡ್ರಮ್ ಇರ್ತೈತಿ. ಯಾಕಂತ ತಿಳೀಲಿಲ್ಲ ನನಗ." ಮತ್ತೊಮ್ಮೆ ಪಟ್ಟಿ ನೋಡಿದರು. "ಇವ್ರು ದಿನಾ ಮಾಲು ಒಯ್ಯಾಕ ಇಲ್ಲಿಗೇ ಬರ್ತಾರು."

ನಾನು ಚೀಲದಿಂದ ಟೇಪು ತೆಗೆದೆ. "ನಾ ಈಗ ಹೋಗಿ ಮಾಲಕರಿಗೆ ಹೇಳತೀನಿ ಕಾಕಾ. ಟೇಪ್ ತಂದೀನಿ. ಗಾಡೀನೂ ಇಲ್ಲೇ ಐತಿ, ಅಳದ ತೋರಿಸತೀನಿ."

"ಬ್ಯಾಡ."

"ಎರಡ ನಿಮಿಷದಾಗ ಗೊತ್ತಾಗತೈತಿ ಅವ್ರಿಗೆ."

"ಅವ್ವಿ, ಇಲ್ಲೆ ಕೇಳು. ಟೈರಿನ ಮಾತ ಹೇಳಬೇಕಂದ್ರ ಮದಲ ನೀ ಕಳುವಿನ ಮಾತ ಹೇಳಬೇಕು. ಮಂದಿ ಮದಲಿಂದ ಕೇಳತಾರ. ಟೈರಿನ ಲೆಕ್ಕಾ ಶುರು ಆಗೂದ್ರಾಗ ಅವ್ರ ಚಹಾ ಮುಗದಿರತೈತಿ." ಅವರು ಎರಡೂ ಕೈ ಜೋಡಿಸಿದರು. ನನ್ನಂಥ ಹುಡುಗಿಗೆ. "ಇನ್ನ ಯಾರಿಗೂ ಹೇಳಬ್ಯಾಡವ್ವಾ. ಒಂದ ಎರಡ ವರ್ಷಕ್ಕ ತಾನ ಮರೀತಾರು. ಆವಾಗ ಎಲ್ಲಿಯರೆ ಸ್ಟಿಯರಿಂಗ್ ಸಿಕ್ಕರ ಸಿಗತೈತಿ."

ಎರಡು ವರ್ಷಕ್ಕೆ ಅವರಿಗೆ ಐವತ್ತೆಂಟಾಗುತ್ತದೆ. ಅವರಿಗೂ ಗೊತ್ತಿರುತ್ತದೆ.

ಮುನೀಮ ಶೆಡ್ಡಿನಿಂದ, "ಯಾರ ಗಾಡಿ ಅದು? ಹಚ್ಚರಿ ಈ ಕಡೆ" ಎಂದು ಕೂಗಿದ. ಹೊಸ ಡ್ರೈವರ್ ಗಾಡಿಯನ್ನು ಇಟ್ಟಂಗಿ ರಾಶಿಯ ಪಕ್ಕಕ್ಕೆ ಹಿಂದೆ ಹಿಂದೆ ತಂದ. ಕಾಕಾ ಅಭ್ಯಾಸದಿಂದ ಕೈ ಬೀಸಿ "ಬರ್ಲಿ, ಬರ್ಲಿ, ಬಸ್" ಎಂದರು. ಆಮೇಲೆ ಬಗ್ಗಿ ಎರಡೆರಡು ಇಟ್ಟಂಗಿ ಎತ್ತಿಕೊಡಲು ಶುರು ಮಾಡಿದರು. ಗಾಡಿ ತುಂಬಲು ಐವತ್ತು ನಿಮಿಷ ಹಿಡಿಯಿತು. ನಾನು ನೆರಳಿಗೆ ಹೋಗಲಿಲ್ಲ. ಅದರಿಂದ ಅವರಿಗೆ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಬಿಸಿಲಲ್ಲೇ ನಿಂತಿದ್ದೆ.

ಅಂದು ಸಂಜೆ ಅಪ್ಪನಿಗೆ ಹೇಳಿದೆ. ಮುನೀಮನ ಮಾತು, ಕೈತಪ್ಪಿದ ಗಾಡಿ, ಎಲ್ಲ. ಅಪ್ಪ ಊಟದ ತಾಟಿನಿಂದ ತಲೆ ಎತ್ತಲಿಲ್ಲ. "ನಾ ಭಂಡಾರ ಹಿಡಿ ಅಂದಿದ್ದೆ" ಎಂದರು. "ಹಿಡದಿದ್ರ ಅವತ್ತ ಮುಗೀತಿತ್ತು." ಅವರು ಇವತ್ತಿಗೂ ಹಾಗೇ ಹೇಳುತ್ತಾರೆ. ಸ್ಟ್ಯಾಂಡಿಗೆ ಹೋಗಲಿಲ್ಲ.

ಮಳೆ ಹಿಡಿಯುವವರೆಗೆ ನಮ್ಮ ಗಾಡಿ ಗುಂಜಿ ರಸ್ತೆಯ ಭಟ್ಟಿಗೆ ಇನ್ನೂ ಒಂಬತ್ತು ಸಲ ಹೋಯಿತು. ಒಂಬತ್ತು ಸಲವೂ ಹೇರಿದವರು ಕಾಕಾ ಎಂದು ಹೊಸ ಡ್ರೈವರ್ ಹೇಳುತ್ತಾನೆ. ಜೂನಿನಲ್ಲಿ ಭಟ್ಟಿ ಮುಚ್ಚಿತು, ಆಮೇಲೆ ಅವರು ಎಲ್ಲಿದ್ದಾರೆ ಎಂದು ನಾನು ಯಾರನ್ನೂ ಕೇಳಿಲ್ಲ. ಕೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಹೇಳಲು ಹೋದರೆ ಮೊದಲಿನಿಂದ ಹೇಳಬೇಕಾಗುತ್ತದೆ. ಪಟ್ಟಿಯಲ್ಲಿ ಉಳಿದ ಆರು ಜನರಿಗೆ ನಾನು ಇದುವರೆಗೆ ಏನೂ ಹೇಳಿಲ್ಲ.